ನೇಣಿಗೆ ಕರ್ತವ್ಯದ ಹೆಸರು ಬೇಡ

ಸಿಂಗಪುರದಲ್ಲಿ ನೇಣಿನ ವಿಷಯ ಬಂದಾಗ ನಮ್ಮ ಜನ ಎರಡು ಮಾತು ಹೇಳುತ್ತಾರೆ. ಮೊದಲನೆಯದು, "ಅದಕ್ಕೇ ಸ್ವಾಮಿ, ಇಲ್ಲಿ ಮಧ್ಯರಾತ್ರಿ ಹೆಣ್ಣುಮಕ್ಕಳು ಒಬ್ಬರೇ ಓಡಾಡಬಹುದು." ಎರಡನೆಯದು, "ಸರ್ಕಾರ ತನ್ನ ಕರ್ತವ್ಯ ಮಾಡ್ತಿದೆ, ನಮಗ್ಯಾಕೆ ಆ ಉಸಾಬರಿ?" ಹದಿನೇಳು ವರ್ಷಗಳಿಂದ ಈ ಊರಿನಲ್ಲಿ ಲೆಕ್ಕ ಬರೆದು, ಬೇರೆಯವರು ಬರೆದ ಲೆಕ್ಕ ತಪಾಸಿಸಿ ಬದುಕುತ್ತಿರುವ ನಾನು ಈ ಎರಡು ಮಾತನ್ನೂ ಯುಗಾದಿಯ ಊಟದಲ್ಲಿ, ರಾಜ್ಯೋತ್ಸವದ ಪಂಕ್ತಿಯಲ್ಲಿ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಮೊದಲನೆಯದು ಭಯದ ಮಾತು. ಅದಕ್ಕೂ ಉತ್ತರ ಕೊಡುತ್ತೇನೆ. ಆದರೆ ನನ್ನ ಜಗಳ ಮುಖ್ಯವಾಗಿ ಎರಡನೆಯದರ ಜೊತೆ. ಕರ್ತವ್ಯ ಎಂಬ ಪದವನ್ನು ನೇಣಿನ ಹಗ್ಗಕ್ಕೆ ಸುತ್ತುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮರಣದಂಡನೆಯನ್ನು ಕರ್ತವ್ಯವೆಂದೇ ವಾದಿಸಿದ ಅತಿ ದೊಡ್ಡ ತತ್ವಜ್ಞಾನಿಯ ಷರತ್ತುಗಳನ್ನು ಎದುರಿಗಿಟ್ಟು ನೋಡಿದರೆ ಸಿಂಗಪುರದ ನೇಣೂ ಉಳಿಯುವುದಿಲ್ಲ, ಭಾರತದ ನೇಣೂ ಉಳಿಯುವುದಿಲ್ಲ.

ನಾನು ತತ್ವಶಾಸ್ತ್ರದ ವಿದ್ಯಾರ್ಥಿಯಲ್ಲ. ದಾವಣಗೆರೆಯಲ್ಲಿ ಬಿ.ಕಾಂ., ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್, ಆಮೇಲೆ ಸಿ.ಎ. ನನಗೆ ಗೊತ್ತಿರುವುದು ಒಂದೇ ಕೆಲಸ: ಯಾರಾದರೂ ಒಂದು ಖರ್ಚನ್ನು ಒಂದು ಖಾತೆಗೆ ಹಾಕಿದ್ದರೆ, ಅದು ನಿಜವಾಗಿ ಆ ಖಾತೆಗೇ ಸೇರಿದ್ದೇ ಎಂದು ವೌಚರ್ ತೆಗೆದು ನೋಡುವುದು. ನೇಣನ್ನು ಕರ್ತವ್ಯದ ಖಾತೆಗೆ ಹಾಕಿದ್ದಾರೆ. ವೌಚರ್ ನೋಡೋಣ.

ಮೊದಲು ಕಾನೂನು. ಊರಿನ ಓದುಗರಿಗೆ "ಅಲ್ಲಿ ಡ್ರಗ್ಸ್ ತಂದರೆ ಗಲ್ಲು" ಎಂಬಷ್ಟು ಗೊತ್ತಿರುತ್ತದೆ. ಹಿಂದೆ ವಿಮಾನದಲ್ಲಿ ಕೊಡುತ್ತಿದ್ದ ಆಗಮನದ ಚೀಟಿಯ ಮೇಲೇ, ಮಾದಕವಸ್ತು ಸಾಗಿಸುವವರಿಗೆ ಸಾವು ಎಂದು ಕೆಂಪಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಮಗಳ ಬಾಣಂತನಕ್ಕೆಂದು ಹೊರಟ ಅಮ್ಮಂದಿರು ಅದನ್ನು ಓದಿ, ಚೀಲದಲ್ಲಿದ್ದ ಲೇಹ್ಯದ ಡಬ್ಬಿ ನೆನೆದು ಬೆವರುತ್ತಿದ್ದರು. ನಾವು ನಗುತ್ತಿದ್ದೆವು. ಆ ಸಾಲು ನಮಗೆ ಸಂಬಂಧಿಸಿದ್ದಲ್ಲ ಎಂಬ ಧೈರ್ಯದ ನಗು ಅದು.

1973ರ ಮಾದಕವಸ್ತು ದುರ್ಬಳಕೆ ಕಾಯ್ದೆಗೆ 1975ರಲ್ಲಿ ಕಡ್ಡಾಯ ಮರಣದಂಡನೆ ಸೇರಿತು. ಸಾಗಿಸಿದ ಶುದ್ಧ ಹೆರಾಯಿನ್ 15 ಗ್ರಾಂ ದಾಟಿದರೆ, ಗಾಂಜಾ 500 ಗ್ರಾಂ ದಾಟಿದರೆ, ಇಂದಿನ ಕಾನೂನಿನಲ್ಲಿ ಮೆಥಾಂಫೆಟಮಿನ್ 250 ಗ್ರಾಂ ದಾಟಿದರೆ ನೇಣು. ‘ಕಡ್ಡಾಯ’ ಎಂದರೇನು ಎಂದು ನಿಧಾನವಾಗಿ ಯೋಚಿಸಿ. ಆರೋಪಿಯ ವಯಸ್ಸೆಷ್ಟು, ಯಾಕೆ ಮಾಡಿದ, ಯಾರು ಮಾಡಿಸಿದರು, ಮೊದಲ ಸಲವೋ ಹತ್ತನೆಯ ಸಲವೋ, ಇದ್ಯಾವುದನ್ನೂ ನ್ಯಾಯಾಧೀಶರು ಶಿಕ್ಷೆಯ ತಕ್ಕಡಿಗೆ ಹಾಕುವಂತಿರಲಿಲ್ಲ. 2012ರ ತಿದ್ದುಪಡಿ ಎರಡು ಕಿಂಡಿ ತೆರೆಯಿತು, ಅದೂ ಸರಕು ಹೊತ್ತು ತಂದ ಆಳಿಗೆ ಮಾತ್ರ. ಒಂದು, ಮಾನಸಿಕ ಅಸ್ವಸ್ಥತೆ ಅವನ ಹೊಣೆಯನ್ನು ಬಹುವಾಗಿ ಕುಗ್ಗಿಸಿತ್ತು ಎಂದು ಸಾಬೀತಾಗಬೇಕು. ಇನ್ನೊಂದು, ಮಾದಕವಸ್ತು ಜಾಲಕ್ಕೆ ಪೆಟ್ಟು ಕೊಡಲು ಅವನಿಂದ ಗಣನೀಯ ನೆರವು ಸಿಕ್ಕಿದೆ ಎಂದು ಸರ್ಕಾರಿ ಅಭಿಯೋಜಕರು ಪ್ರಮಾಣಪತ್ರ ಕೊಡಬೇಕು. ಆ ಪತ್ರ ಸಿಕ್ಕರೆ ನ್ಯಾಯಾಧೀಶರು ನೇಣಿನ ಬದಲು ಜೀವಾವಧಿ ಕೊಡಬಹುದು. ಈ ಪ್ರಮಾಣಪತ್ರವನ್ನು ನೆನಪಿಟ್ಟುಕೊಳ್ಳಿ. ನನ್ನ ಮುಖ್ಯ ಸಾಕ್ಷಿ ಅದೇ.

ಈಗ ಭಯದ ಮಾತು. ಸರ್ಕಾರದ ಸಮರ್ಥನೆಯಲ್ಲಿ ಮುಚ್ಚುಮರೆ ಇಲ್ಲ. ನೇಣಿನ ಹೆದರಿಕೆಯಿಂದ ಸಾಗಣೆ ತಗ್ಗುತ್ತದೆ, ಅದರಿಂದ ಎಷ್ಟೋ ಜೀವ, ಎಷ್ಟೋ ಸಂಸಾರ ಉಳಿಯುತ್ತವೆ ಎನ್ನುತ್ತದೆ. ಇದು ನಿಜವೇ ಎಂಬ ಅಂಕಿಅಂಶದ ಜಗಳಕ್ಕೆ ನಾನು ಇಳಿಯುವುದಿಲ್ಲ. ಲೆಕ್ಕಿಗ ಅಂಕಿಗೆ ಬೆನ್ನು ಹಾಕುವುದು ನಿಮಗೆ ವಿಚಿತ್ರ ಅನ್ನಿಸಬಹುದು. ಆದರೆ ಯಾವ ಖಾತೆ ಎಂಬುದೇ ತೀರ್ಮಾನವಾಗದೆ ಮೊತ್ತದ ಬಗ್ಗೆ ಜಗಳವಾಡಿ ಪ್ರಯೋಜನವಿಲ್ಲ. ಆದ್ದರಿಂದ ವಾದಕ್ಕಾಗಿ ಒಪ್ಪಿಬಿಡುತ್ತೇನೆ: ಹೆದರಿಕೆ ಕೆಲಸ ಮಾಡುತ್ತದೆ.

ಒಪ್ಪಿದ ಮೇಲೆ ಏನಾಯಿತು? ‘ಕೆರೆಗೆ ಹಾರ’ದ ಕತೆ ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು. ಮಲ್ಲನಗೌಡ ಕೆರೆ ಕಟ್ಟಿಸಿದ, ಹನಿ ನೀರು ಬರಲಿಲ್ಲ. ಶಾಸ್ತ್ರ ಕೇಳಿದರು, ಸೊಸೆಯ ಬಲಿ ಬೇಕೆಂದಿತು. ಮನೆಯವರು ಕೂತು ಯೋಚಿಸಿ ಕಿರಿಸೊಸೆ ಭಾಗೀರಥಿಯನ್ನು ಆರಿಸಿದರು. ಹಾಡಿನಲ್ಲಿ ಬಲಿ ಸುಳ್ಳಾಗುವುದಿಲ್ಲ. ನೀರು ಬರುತ್ತದೆ, ಕೆರೆ ತುಂಬುತ್ತದೆ, ಊರಿಗೆ ಒಳ್ಳೆಯದಾಗುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಯೋಜನೆ ನೂರಕ್ಕೆ ನೂರು ಯಶಸ್ವಿ. ಆದರೂ ಆ ಹಾಡು ಕೇಳಿ, "ಗೌಡರು ತಮ್ಮ ಕರ್ತವ್ಯ ಮಾಡಿದರು" ಎಂದು ಎದ್ದು ಹೋದ ಕನ್ನಡಿಗ ಒಬ್ಬನಾದರೂ ಇದ್ದಾನೆಯೇ? ಊರಿನ ಒಳಿತಿಗಾಗಿ ಒಬ್ಬರನ್ನು ಕೊಲ್ಲುವುದಕ್ಕೆ ನಮ್ಮ ಭಾಷೆಯಲ್ಲಿ ಶಿಕ್ಷೆ ಎನ್ನುವುದಿಲ್ಲ, ಬಲಿ ಎನ್ನುತ್ತಾರೆ.

"ಭಾಗೀರಥಿ ಪಾಪದ ಹೆಣ್ಣುಮಗಳು, ಇವನು ಅಪರಾಧಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತೀರಾ?" ಎನ್ನುತ್ತೀರಿ. ಹಾಗೆಂದ ಕ್ಷಣವೇ ನೀವು ಭಯದ ವಾದವನ್ನು ಬಿಟ್ಟಿರಿ. ಹೆದರಿಸುವುದಷ್ಟೇ ಉದ್ದೇಶವಾದರೆ ನೇಣಿಗೇರಿದವನು ಅಪರಾಧಿಯೋ ಅಲ್ಲವೋ ಎಂಬುದು ಮುಖ್ಯವಲ್ಲ. ನೋಡುವವರು ಹಾಗೆ ನಂಬಿದರೆ ಸಾಕು. ನಿಮಗೆ ಅದು ಸಾಲದು. ಅವನು ಅದಕ್ಕೆ ಅರ್ಹನಾಗಿರಬೇಕು ಎನ್ನುತ್ತೀರಿ. ನಾನೂ ಹಾಗೇ ಎನ್ನುತ್ತೇನೆ. ಇಲ್ಲಿಂದ ಮುಂದೆ ಉಪಯೋಗದ ಮಾತು ಬಿಟ್ಟು ಅರ್ಹತೆಯ ಮಾತು, ಕರ್ತವ್ಯದ ಮಾತು. ಹಾಗಾದರೆ ಆ ಮಾತಿಗೆ ಒಡೆಯನಾದವನನ್ನೇ ಕೇಳೋಣ.

ಇಮ್ಯಾನ್ಯುಯೆಲ್ ಕಾಂಟ್ 1724ರಲ್ಲಿ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಹುಟ್ಟಿ, 1804ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ. ಕೆಲಸದ ಫಲ ನೋಡಬೇಡ, ಅದು ಕರ್ತವ್ಯವೇ ನೋಡು. ಮನುಷ್ಯನನ್ನು, ನಿನ್ನನ್ನೂ ಸೇರಿಸಿ, ಬರೀ ಸಾಧನವಾಗಿ ಎಂದೂ ಬಳಸಬೇಡ ಎಂಬುದು ಅವನ ನೀತಿಯ ತಿರುಳು. ಆದರೆ ಈ ಕಾಂಟ್ ಕರುಣೆಯ ಸಂತನಲ್ಲ. 1797ರಲ್ಲಿ ಬರೆದ ಕಾನೂನಿನ ಗ್ರಂಥದಲ್ಲಿ ಆತ ಮರಣದಂಡನೆಯ ಕಟ್ಟಾ ಪರವಾದಿ. ಒಂದು ದ್ವೀಪದ ಜನರೆಲ್ಲ ಸಮಾಜವನ್ನು ವಿಸರ್ಜಿಸಿ ಲೋಕದಲ್ಲಿ ಚದುರಿಹೋಗಲು ತೀರ್ಮಾನಿಸಿದರು ಎಂದಿಟ್ಟುಕೊಳ್ಳಿ. ಹೊರಡುವ ಮೊದಲು ಸೆರೆಮನೆಯಲ್ಲಿರುವ ಕೊನೆಯ ಕೊಲೆಗಾರನನ್ನೂ ಕೊಂದೇ ಹೊರಡಬೇಕು, ಇಲ್ಲವಾದರೆ ಆ ರಕ್ತದ ಪಾಪ ಜನರಿಗೆ ಅಂಟುತ್ತದೆ ಎನ್ನುತ್ತಾನೆ. ಇಲ್ಲಿ ಹೆದರಿಸಲು ಯಾರೂ ಉಳಿದಿಲ್ಲ, ರಕ್ಷಿಸಲು ಊರೇ ಇಲ್ಲ. ಆದರೂ ಕೊಲ್ಲಬೇಕು, ಅದು ಕರ್ತವ್ಯ.

ಈ ನಿಲುವನ್ನು ನಾನು ಒಪ್ಪುವುದಿಲ್ಲ. ಆದರೆ ಇದರಲ್ಲಿ ಭಯದ ವಾದದಲ್ಲಿಲ್ಲದ ಒಂದು ಘನತೆ ಇದೆ. ಅಪರಾಧಿ ಇಲ್ಲಿ ಬೇರೆಯವರಿಗೆ ತೋರಿಸಲು ತೂಗುಹಾಕಿದ ಬೆದರುಬೊಂಬೆಯಲ್ಲ. ತಾನು ಮಾಡಿದ್ದಕ್ಕೆ ತಾನೇ ಉತ್ತರ ಕೊಡಬೇಕಾದ, ಪೂರ್ತಿ ಬೆಳೆದ ಮನುಷ್ಯ. ಶಿಕ್ಷೆಯನ್ನು ಸಮಾಜದ ಒಳಿತಿನ ಸಾಧನವಾಗಿ ಕೊಡುವಂತಿಲ್ಲ, ಅವನು ತಪ್ಪು ಮಾಡಿದ್ದಾನೆ ಎಂಬ ಒಂದೇ ಕಾರಣಕ್ಕೆ ಕೊಡಬೇಕು ಎಂಬುದು ಕಾಂಟನ ಪಟ್ಟು. ಕರ್ತವ್ಯದ ಹೆಸರಿನಲ್ಲಿ ನೇಣನ್ನು ಸಮರ್ಥಿಸುವವರು ಈ ಮನುಷ್ಯನ ಹಿಂದೆ ನಿಲ್ಲಬೇಕು. ನಿಂತರೆ ಅವನ ಷರತ್ತುಗಳನ್ನೂ ಹೊರಬೇಕು. ಅವು ಸುಲಭದವಲ್ಲ.

ಮೊದಲನೆಯ ಷರತ್ತು ಅಳತೆಯದ್ದು. ಶಿಕ್ಷೆ ಅಪರಾಧಕ್ಕೆ ಸಮನಾಗಿರಬೇಕು. ಕಾಂಟ್ ಸಾವಿಗೆ ಸಾವು ಎಂದದ್ದು ಕೊಲೆಗಾರನ ವಿಷಯದಲ್ಲಿ, ಈ ಸಮತೆಯ ಆಧಾರದ ಮೇಲೆ. ಪುಡಿಯ ಪೊಟ್ಟಣ ಹೊತ್ತವನು ಯಾರನ್ನೂ ಕೊಂದಿಲ್ಲ. ಅವನು ಮಾಡಿದ್ದು ದೊಡ್ಡ ಅಪರಾಧವೇ, ನಾನು ಅದನ್ನು ತೆಳು ಮಾಡುತ್ತಿಲ್ಲ. ಆದರೆ ಅದು ಕೊಲೆಯಲ್ಲ. ಕೊಳ್ಳುವವನು, ಸೇದುವವನು, ನಡುವೆ ಹತ್ತು ಕೈಗಳಿವೆ. ಇನ್ನು ಆ 15 ಗ್ರಾಂ. ಚಹಾಕ್ಕೆ ಹಾಕುವ ಸಕ್ಕರೆಯ ಮೂರೋ ನಾಲ್ಕೋ ಚಮಚದಷ್ಟು ತೂಕ. 10ರಿಂದ 15 ಗ್ರಾಮಿನವರೆಗೆ ದೀರ್ಘ ಸೆರೆವಾಸ, ಛಡಿ ಏಟು. ಅದನ್ನು ದಾಟಿದರೆ ಸಾವು. ಅಭಿಯೋಜಕರು ಆರೋಪವನ್ನು 14.99 ಗ್ರಾಮಿಗೆ ಇಳಿಸಿ ಸಲ್ಲಿಸಿದ ಪ್ರಕರಣಗಳು ಇಲ್ಲಿನ ತೀರ್ಪುಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ಜೀವ ಉಳಿಸಲು ಹಾಗೆ ಮಾಡಿದರೆ ನನಗೆ ಸಂತೋಷವೇ. ಆದರೆ ನಮ್ಮ ವೃತ್ತಿಯಲ್ಲಿ ಹತ್ತು ಸಾವಿರದವರೆಗೆ ಮ್ಯಾನೇಜರ್ ಸಹಿ ಸಾಕು ಎಂದು ಮಿತಿ ಇಟ್ಟ ಕಚೇರಿಯಲ್ಲಿ ಒಂಬತ್ತು ಸಾವಿರದ ಒಂಬೈನೂರ ತೊಂಬತ್ತರ ಬಿಲ್ಲುಗಳು ಕಂಡರೆ, ಆ ಅಂಕಿ ವಸ್ತುವಿನ ಬೆಲೆ ಹೇಳುತ್ತಿಲ್ಲ, ಯಾರದೋ ತೀರ್ಮಾನ ಹೇಳುತ್ತಿದೆ ಎಂದು ಹೊಸ ಆರ್ಟಿಕಲ್ ಹುಡುಗನಿಗೂ ಗೊತ್ತಾಗುತ್ತದೆ. ಗ್ರಾಮಿನ ನೂರನೆಯ ಒಂದು ಪಾಲಿನಲ್ಲಿ ಸಾವು ಬದುಕು ತೀರ್ಮಾನವಾಗುವುದನ್ನು ಆಡಳಿತ ಎನ್ನಬಹುದು. ಕರ್ತವ್ಯದ ತಕ್ಕಡಿ ಎನ್ನಲಾಗದು.

ಎರಡನೆಯ ಷರತ್ತು ತಿಳಿವಿನದ್ದು. ಅರ್ಹತೆಗೆ ತಕ್ಕ ಶಿಕ್ಷೆ ಕೊಡಬೇಕಾದರೆ ಅರ್ಹತೆ ಎಷ್ಟೆಂದು ಗೊತ್ತಿರಬೇಕಲ್ಲ? ಇಲ್ಲಿನ ಕಾನೂನಿನಲ್ಲಿ 2 ಗ್ರಾಂ ಮೀರಿದ ಹೆರಾಯಿನ್ ಕೈಯಲ್ಲಿ ಸಿಕ್ಕರೆ ಮಾರಲೆಂದೇ ಇಟ್ಟುಕೊಂಡಿದ್ದ ಎಂದು ಭಾವಿಸಲಾಗುತ್ತದೆ. ವಸ್ತು ಅವನ ವಶದಲ್ಲಿದ್ದರೆ ಅದು ಏನೆಂದು ಅವನಿಗೆ ತಿಳಿದಿತ್ತು ಎಂದೂ ಭಾವಿಸಲಾಗುತ್ತದೆ. ಅಲ್ಲ ಎಂದು ಸಾಬೀತು ಮಾಡುವ ಹೊಣೆ ಆರೋಪಿಯದು. ದಂಡ ಹಾಕುವ ಕಾನೂನಿನಲ್ಲಿ ಇಂಥ ಊಹೆಗಳು ಇರಬಹುದು, ತೆರಿಗೆ ಕಾನೂನಿನಲ್ಲೂ ಇವೆ. ಆದರೆ ಕೊಲ್ಲುವುದು ಕರ್ತವ್ಯ ಎನ್ನುವವನು ಮನಸ್ಸಿನೊಳಗಿನದನ್ನು ಊಹೆಯಿಂದ ತುಂಬಿಸಿಕೊಳ್ಳುವಂತಿಲ್ಲ.

ಸ್ವತಃ ಕಾಂಟ್ ಇಲ್ಲಿ ನಮ್ಮ ಕೈಗೆ ದೊಡ್ಡ ದಾಖಲೆ ಕೊಟ್ಟಿದ್ದಾನೆ. 1781ರ ತನ್ನ ಮಹಾಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ, ಕ್ರಿಯೆಗಳ ನಿಜವಾದ ನೈತಿಕ ಬೆಲೆ, ಪುಣ್ಯವಾಗಲಿ ಪಾಪವಾಗಲಿ, ನಮ್ಮದೇ ಕ್ರಿಯೆಗಳದ್ದೂ ಸೇರಿ, ನಮಗೆ ಪೂರ್ತಿ ಮರೆಯಾಗಿರುತ್ತದೆ ಎನ್ನುತ್ತಾನೆ. ಎಷ್ಟು ಪಾಲು ಸ್ವತಂತ್ರ ಆಯ್ಕೆ, ಎಷ್ಟು ಪಾಲು ಹುಟ್ಟುಗುಣ, ಎಷ್ಟು ಪಾಲು ಅದೃಷ್ಟ ಎಂದು ಯಾರೂ ಬಿಡಿಸಿ ಹೇಳಲಾರರು, ಆದ್ದರಿಂದ ಪೂರ್ಣ ನ್ಯಾಯದ ತೀರ್ಪು ಯಾರಿಂದಲೂ ಆಗದು ಎಂಬುದು ಅದರ ಸಾರ. ಈ ಅಡಿಟಿಪ್ಪಣಿ ಬರೆದವನೇ ಹದಿನಾರು ವರ್ಷಗಳ ಮೇಲೆ ದ್ವೀಪದ ನೇಣುಗಂಬ ನಿಲ್ಲಿಸಿದ. ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಲು ಬರುವುದಿಲ್ಲ. ನಾನು ಅಡಿಟಿಪ್ಪಣಿಯ ಕಾಂಟನ ಕಡೆ. ವರ್ಷ ವರ್ಷ ಆಡಿಟ್ ವರದಿಗೆ ಸಹಿ ಹಾಕುವಾಗ ನಾವು ಬರೆಯುವುದು ಸಮಂಜಸ ಮಟ್ಟದ ಖಾತ್ರಿ ಎಂದೇ ಹೊರತು ಪೂರ್ಣ ಖಾತ್ರಿ ಎಂದಲ್ಲ. ಎಣಿಸಿ ನೋಡಬಹುದಾದ ದುಡ್ಡಿನ ವಿಷಯದಲ್ಲಿ ಈ ವಿನಯ. ಒಬ್ಬನ ಅಂತರಂಗದ ವಿಷಯದಲ್ಲಿ ಎಷ್ಟಿರಬೇಕು?

ಮೂರನೆಯ ಷರತ್ತು ಎಲ್ಲಕ್ಕಿಂತ ಕಟುವಾದದ್ದು: ನ್ಯಾಯ ಮಾರಾಟಕ್ಕಿಲ್ಲ. ಕಾಂಟ್ ಅದೇ 1797ರ ಗ್ರಂಥದಲ್ಲಿ ಒಂದು ಉದಾಹರಣೆ ಕೊಡುತ್ತಾನೆ. ಮರಣದಂಡನೆಗೆ ಗುರಿಯಾದವನೊಬ್ಬ ಅಪಾಯಕಾರಿ ವೈದ್ಯಕೀಯ ಪ್ರಯೋಗಕ್ಕೆ ತನ್ನ ದೇಹ ಕೊಟ್ಟರೆ ಅವನ ಜೀವ ಉಳಿಸೋಣ, ಅದರಿಂದ ಲೋಕಕ್ಕೆ ಉಪಯೋಗವಾದೀತು ಎಂದು ವೈದ್ಯರು ಸಲಹೆ ಮಾಡುತ್ತಾರೆ. ನ್ಯಾಯಾಲಯ ಅದನ್ನು ತಿರಸ್ಕಾರದಿಂದ ತಳ್ಳಿಹಾಕಬೇಕು ಎನ್ನುತ್ತಾನೆ ಕಾಂಟ್. ಏಕೆಂದರೆ ಯಾವುದೇ ಬೆಲೆಗೆ ತನ್ನನ್ನು ಬಿಟ್ಟುಕೊಟ್ಟ ಗಳಿಗೆಯಲ್ಲಿ ನ್ಯಾಯ ನ್ಯಾಯವಾಗಿ ಉಳಿಯುವುದಿಲ್ಲ.

ಈಗ ಆ ಪ್ರಮಾಣಪತ್ರವನ್ನು ಹೊರತೆಗೆಯಿರಿ. ಒಂದೇ ತೂಕದ ಪೊಟ್ಟಣ ಹೊತ್ತ ಇಬ್ಬರು ಆಳುಗಳು. ಒಬ್ಬನಿಗೆ ಮೇಲಿನವರ ಹೆಸರು ಗೊತ್ತು, ಹೇಳಿದ, ಅದು ಉಪಯೋಗಕ್ಕೆ ಬಂತು, ಪತ್ರ ಸಿಕ್ಕಿತು. ಇನ್ನೊಬ್ಬನೂ ಬಾಯಿ ಬಿಟ್ಟ, ತನಗೆ ತಿಳಿದಷ್ಟನ್ನು ಪ್ರಾಮಾಣಿಕವಾಗಿ ಹೇಳಿದ. ಆದರೆ ಅವನಿಗೆ ಗೊತ್ತಿದ್ದದ್ದು ಒಂದು ಅಡ್ಡಹೆಸರು, ಒಂದು ಸತ್ತ ಫೋನ್ ನಂಬರ್. ಉಪಯೋಗಕ್ಕೆ ಬರಲಿಲ್ಲ, ಪತ್ರ ಸಿಗಲಿಲ್ಲ. ಅಪರಾಧ ಒಂದೇ, ಮನಸ್ಸಿನ ಸ್ಥಿತಿ ಒಂದೇ. ಒಬ್ಬ ಬದುಕಬಹುದು, ಒಬ್ಬ ಸಾಯುತ್ತಾನೆ. ವ್ಯತ್ಯಾಸ ಅವರ ಪಾಪದಲ್ಲಿಲ್ಲ, ಅವರ ಉಪಯೋಗದಲ್ಲಿದೆ. ಜಾಲದ ತೀರ ಕೆಳಗಿರುವವನಿಗೆ, ಅಂದರೆ ಅತಿ ಬಡವನಿಗೆ, ಅತಿ ದಡ್ಡನಿಗೆ, ಗೊತ್ತಿರುವುದು ಅತಿ ಕಡಿಮೆ. ಆದ್ದರಿಂದ ಪತ್ರ ಸಿಗುವ ಸಾಧ್ಯತೆ ಕಡಿಮೆ ಇರುವುದೂ ಅವನಿಗೇ. ಮನುಷ್ಯನನ್ನು ಸಾಧನವಾಗಿ ಬಳಸುವುದು ಎಂದರೇನು ಎಂದು ತತ್ವಶಾಸ್ತ್ರದ ತರಗತಿಯಲ್ಲಿ ಯಾರಾದರೂ ಕೇಳಿದರೆ, ಈ ಕಲಮನ್ನು ಓದಿಸಿದರೆ ಸಾಕು.

ಇದು ಬರೀ ಊಹೆಯ ಕತೆಯಲ್ಲ. ಮಲೇಷ್ಯಾದ ನಾಗೇಂದ್ರನ್ ಧರ್ಮಲಿಂಗಂ 2009ರಲ್ಲಿ ತೊಡೆಗೆ ಕಟ್ಟಿಕೊಂಡ ಪೊಟ್ಟಣದೊಂದಿಗೆ ಗಡಿಯಲ್ಲಿ ಸಿಕ್ಕಿಬಿದ್ದಾಗ ಅವನಿಗೆ 21 ವರ್ಷ. ಪೊಟ್ಟಣದಲ್ಲಿದ್ದದ್ದು 42.72 ಗ್ರಾಂ ಶುದ್ಧ ಹೆರಾಯಿನ್. ಅವನ ಬುದ್ಧಿಮತ್ತೆಯ ಅಂಕ 69 ಎಂದು ಪರೀಕ್ಷೆ ಹೇಳಿತು. ಮಾಡಿದ್ದು ಏನೆಂದು ಅವನಿಗೆ ಗೊತ್ತಿತ್ತು ಎಂದು ನ್ಯಾಯಾಲಯ ಹೇಳಿತು. ಪ್ರಮಾಣಪತ್ರ ಅವನಿಗೆ ಸಿಗಲಿಲ್ಲ. ಹದಿಮೂರು ವರ್ಷ ಕಾದು, 2022ರ ಏಪ್ರಿಲ್ 27ರಂದು ಅವನನ್ನು ನೇಣಿಗೆ ಹಾಕಿದರು. ಅವನು ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಅವನನ್ನು ಕೊಲ್ಲುವುದು ಯಾರ ಕರ್ತವ್ಯವಾಗಿತ್ತು ಎಂದು ಕೇಳುತ್ತಿದ್ದೇನೆ.

ಈ ಪ್ರಶ್ನೆ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗಿ. ಶಾಸಕ ಹೇಳುತ್ತಾನೆ, ನಾನು ಕಾನೂನು ಮಾಡಿದೆ, ಯಾರನ್ನೂ ಕೊಲ್ಲಲಿಲ್ಲ. ಅಭಿಯೋಜಕ, ನಾನು ಆರೋಪ ಹೊರಿಸಿದೆ ಅಷ್ಟೆ. ನ್ಯಾಯಾಧೀಶ, ಶಿಕ್ಷೆ ಕಡ್ಡಾಯ, ನನ್ನ ಕೈ ಕಟ್ಟಿದೆ. ಅಧ್ಯಕ್ಷರು ಕ್ಷಮಾದಾನದ ವಿಷಯದಲ್ಲಿ ಸಂಪುಟದ ಸಲಹೆಯಂತೆ ನಡೆಯಬೇಕು. ಚಾಂಗಿ ಜೈಲಿನಲ್ಲಿ ನೇಣು ಹಾಕುವವನು, ನಾನು ನೌಕರ. ಹಲವು ಸಹಿಗಳಿರುವ ಚೆಕ್ ಕಂಡರೆ ನಾವು ಲೆಕ್ಕಿಗರು ಇನ್ನಷ್ಟು ಹುಷಾರಾಗುತ್ತೇವೆ. ಪ್ರತಿಯೊಬ್ಬನೂ ಇನ್ನೊಬ್ಬ ನೋಡಿರುತ್ತಾನೆ ಎಂದು ಸಹಿ ಹಾಕಿರುತ್ತಾನೆ. ಕಾಂಟನ ಕರ್ತವ್ಯಕ್ಕೆ ಒಬ್ಬ ಕರ್ತೃ ಬೇಕು, ತಾನೇ ಯೋಚಿಸಿ ಇದು ಸರಿ ಎಂದು ತೀರ್ಮಾನಿಸಿ ಹೊಣೆ ಹೊರುವ ಒಬ್ಬ ಮನುಷ್ಯ ಬೇಕು. ಯಾರೂ ಮಾಡದ ಕೆಲಸಕ್ಕೆ ಕರ್ತವ್ಯ ಎನ್ನುವುದು ಹೇಗೆ?

ಇಷ್ಟು ಓದಿದ ಊರಿನ ಓದುಗರು, "ಪರದೇಶದ ಕಾನೂನು ಹಾಗಿರಬಹುದು, ನಮ್ಮಲ್ಲಿ ನ್ಯಾಯಾಧೀಶರು ಅಳೆದು ತೂಗಿ ಕೊಡುತ್ತಾರೆ" ಎನ್ನಬಹುದು. ನಿಜ, ಕಡ್ಡಾಯ ನೇಣಿನ ವಿಷಯದಲ್ಲಿ ಭಾರತ ಮೇಲು. ಜೀವಾವಧಿ ಕೈದಿ ಕೊಲೆ ಮಾಡಿದರೆ ಕಡ್ಡಾಯ ಮರಣದಂಡನೆ ಎಂದಿದ್ದ ದಂಡಸಂಹಿತೆಯ 303ನೇ ಕಲಮನ್ನು 1983ರಲ್ಲೇ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಮಾದಕವಸ್ತು ಕಾಯ್ದೆಯಲ್ಲಿದ್ದ ಕಡ್ಡಾಯವನ್ನು 2014ರಲ್ಲಿ ಸಂಸತ್ತು ಸಡಿಲಿಸಿತು. "ಸಿಂಗಪುರದಂಥ ಕಾನೂನು ನಮ್ಮಲ್ಲೂ ಬರಬೇಕು" ಎಂದು ರಜೆಗೆ ಬಂದಾಗ ನನ್ನನ್ನು ಹಿಡಿದು ಹೇಳುವ ಬಂಧುಗಳಿಗೆ ಇದು ಗೊತ್ತಿರಲಿ: ನೀವು ಕೇಳುತ್ತಿರುವುದನ್ನು ನಮ್ಮ ಸಂವಿಧಾನ ನಲವತ್ತು ವರ್ಷಗಳ ಹಿಂದೆಯೇ ಬೇಡವೆಂದಿದೆ.

ಆದರೆ ಅಳೆದು ತೂಗುವ ಕತೆಯನ್ನೂ ನೋಡಿ. 1980ರ ಬಚನ್ ಸಿಂಗ್ ತೀರ್ಪು ವಿರಳಾತಿವಿರಳ ಪ್ರಕರಣದಲ್ಲಿ ಮಾತ್ರ ಗಲ್ಲು ಎಂದಿತು. ಈಗ ನಮ್ಮ ಬೆಂಗಳೂರಿನದೇ ಪ್ರಕರಣ. ಹೆಂಡತಿಯನ್ನು 1991ರಲ್ಲಿ ಕೊಂದು ಮನೆಯಂಗಳದಲ್ಲೇ ಹೂತಿದ್ದ ಶ್ರದ್ಧಾನಂದನ ಮೇಲ್ಮನವಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಮುಂದೆ ಬಂತು. ಅವನು ಅಪರಾಧಿ ಎಂಬುದರಲ್ಲಿ ಇಬ್ಬರಿಗೂ ಸಂಶಯವಿರಲಿಲ್ಲ. ಒಬ್ಬರು ಜೀವಾವಧಿ ಎಂದರು, ಇನ್ನೊಬ್ಬರು ಗಲ್ಲು ಎಂದರು. 2008ರಲ್ಲಿ ಮೂವರ ಪೀಠ ಸಾಯುವವರೆಗೂ ಬಿಡುಗಡೆಯಿಲ್ಲದ ಸೆರೆವಾಸ ಎಂಬ ದಾರಿ ಕಂಡುಹಿಡಿಯಿತು. ಅಷ್ಟೇ ಅಲ್ಲ, ಗಲ್ಲು ಖಾಯಂ ಆಗುವುದು ಬಿಡುವುದು ಪೀಠದಲ್ಲಿ ಕೂತ ನ್ಯಾಯಮೂರ್ತಿಗಳ ಸ್ವಂತ ಒಲವನ್ನು ಬಹಳಷ್ಟು ಅವಲಂಬಿಸಿದೆ ಎಂದು ಪ್ರಾಮಾಣಿಕವಾಗಿ ಬರೆಯಿತು. ಆ ಪ್ರಾಮಾಣಿಕತೆಗೆ ನಮಸ್ಕಾರ. ಆದರೆ ಪೀಠ ಬದಲಾದರೆ ಬದಲಾಗುವುದು ಕರ್ತವ್ಯ ಹೇಗಾದೀತು? ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಆಗಿರುವುದು ಕರ್ತವ್ಯದ ಮೊದಲ ಲಕ್ಷಣ.

ಇನ್ನೊಂದು, ಹೇಳಲು ಕಷ್ಟವಾಗುವಂಥದ್ದು. ರಾಜಸ್ಥಾನದ ರಾವ್‌ಜಿ ಎಂಬವನ ಗಲ್ಲನ್ನು ಸುಪ್ರೀಂ ಕೋರ್ಟ್ ಖಾಯಂ ಮಾಡಿತು. 1996ರಲ್ಲಿ ಅವನನ್ನು ನೇಣಿಗೆ ಹಾಕಿದರು. ಅಪರಾಧಿಯನ್ನು ನೋಡದೆ ಅಪರಾಧವನ್ನಷ್ಟೇ ನೋಡಿದ ಆ ತೀರ್ಪು ಬಚನ್ ಸಿಂಗ್ ನಿಯಮವನ್ನು ಗಮನಿಸದೆ ಕೊಟ್ಟದ್ದು, ಅದು ಪಾಲಿಸಬೇಕಾದ ತೀರ್ಪೇ ಅಲ್ಲ ಎಂದು ಅದೇ ನ್ಯಾಯಾಲಯ 2009ರಲ್ಲಿ ಹೇಳಿತು. ನಮ್ಮ ಪುಸ್ತಕಗಳಲ್ಲಿ ತಪ್ಪು ಜಮೆಗೆ ರಿವರ್ಸಲ್ ಎಂಟ್ರಿ ಇದೆ. ಹತ್ತು ವರ್ಷಗಳ ಮೇಲೆ ಕಂಡರೂ ಸರಿಪಡಿಸಬಹುದು. 2009ರಲ್ಲಿ ರಾವ್‌ಜಿಗೆ ಯಾವ ಎಂಟ್ರಿ ಹಾಕೋಣ? ತಪ್ಪಾಗಬಹುದೆಂದು ಗೊತ್ತಿದ್ದೂ, ತಿದ್ದಲು ದಾರಿಯಿಲ್ಲವೆಂದು ಗೊತ್ತಿದ್ದೂ ಮಾಡುವ ಕೆಲಸಕ್ಕೆ ಬೇಜವಾಬ್ದಾರಿ ಎಂಬ ಹೆಸರಿದೆ.

"ಹಾಗಾದರೆ ಸತ್ತವರ ಕಡೆಯ ಕರ್ತವ್ಯ? ಮಗ ಡ್ರಗ್ಸ್‌ಗೆ ಬಲಿಯಾದ ತಾಯಿಗೆ ಏನು ಹೇಳುತ್ತೀರಿ? ಕೊಲೆಯಾದ ಹೆಣ್ಣುಮಗಳ ಅಪ್ಪನಿಗೆ?" ಈ ಪ್ರಶ್ನೆಯ ಮುಂದೆ ಯಾರಾದರೂ ತಲೆ ತಗ್ಗಿಸಲೇಬೇಕು, ನಾನೂ ತಗ್ಗಿಸುತ್ತೇನೆ. ಅವರ ಸಿಟ್ಟು ನ್ಯಾಯವಾದದ್ದು. ನನ್ನ ಮನೆಯಲ್ಲಿ ಹಾಗಾದರೆ ನಾನೂ ಹಗ್ಗವನ್ನೇ ಕೇಳಬಹುದು. ಅದಕ್ಕಾಗಿಯೇ ತೀರ್ಪನ್ನು ನೊಂದವರ ಕೈಗೆ ಕೊಡದೆ ಕಾನೂನಿನ ಕೈಗೆ ಕೊಟ್ಟಿದ್ದೇವೆ. ಸರ್ಕಾರಕ್ಕೆ ಅವರ ಕಡೆ ನಿಜವಾದ ಕರ್ತವ್ಯಗಳಿವೆ: ಅಪರಾಧಿಯನ್ನು ಹಿಡಿಯುವುದು, ವಿಚಾರಣೆಯನ್ನು ವರ್ಷಗಟ್ಟಲೆ ಎಳೆಯದಿರುವುದು, ಅವನು ಮತ್ತೆ ಬೀದಿಗೆ ಬಾರದಂತೆ ಒಳಗಿಡುವುದು, ವ್ಯಸನಕ್ಕೆ ಬಿದ್ದವರಿಗೆ ಚಿಕಿತ್ಸೆ, ನೊಂದ ಮನೆಗೆ ಪರಿಹಾರ. ಇವು ದಿನವೂ ಮಾಡಬೇಕಾದ, ದುಡ್ಡು ಬೇಡುವ, ಟಿ.ವಿ.ಯಲ್ಲಿ ಕಾಣದ ಕರ್ತವ್ಯಗಳು. ಒಂದು ನೇಣು ಇವೆಲ್ಲದರ ಬಾಕಿಯನ್ನು ಮರೆಸುತ್ತದೆ. 2020ರ ಮಾರ್ಚ್ 20ರಂದು ತಿಹಾರ್ ಜೈಲಿನಲ್ಲಿ ನಾಲ್ವರು ನೇಣಿಗೇರಿದಾಗ ಹೊರಗೆ ಜನ ಸಂಭ್ರಮಿಸಿದರು. ಆ ಸಂಭ್ರಮ ನನಗೆ ಅರ್ಥವಾಗುತ್ತದೆ. ಅದು ಸೇಡಿನ ಸಂಭ್ರಮ. ಕರ್ತವ್ಯ ಮಾಡಿ ಮುಗಿಸಿದವರು ಕುಣಿಯುವುದಿಲ್ಲ.

ಇನ್ನು ನನ್ನ ಮೇಲೆ ಬರುವ ಆಕ್ಷೇಪ: "ಅನ್ನ ಕೊಟ್ಟ ಊರು. ಅತಿಥಿಯಾಗಿ ಬಂದವನಿಗೆ ಯಾಕೆ ಈ ಮಾತು?" ಇಲ್ಲಿನ ಹಾಂಗ್ ಲಿಮ್ ಪಾರ್ಕಿನಲ್ಲಿ ನೇಣಿನ ವಿರುದ್ಧ ಜನ ಸೇರಿದರೆ ವಿದೇಶಿಯಾದ ನಾನು ಅದರಲ್ಲಿ ಭಾಗವಹಿಸುವಂತಿಲ್ಲ. ಆ ನಿಯಮ ಪಾಲಿಸುತ್ತೇನೆ. ಆದರೆ ವರ್ಷಕ್ಕೊಮ್ಮೆ ನಾನು ಕಟ್ಟುವ ತೆರಿಗೆಯಲ್ಲಿ ರಸ್ತೆ, ಆಸ್ಪತ್ರೆ, ಶಾಲೆಯ ಜೊತೆಗೆ ಆ ಹಗ್ಗದ ಪಾಲೂ ಇದೆ. ದುಡ್ಡು ಕೊಡುವಾಗ ಅತಿಥಿಯಲ್ಲದವನು ಮಾತಾಡುವಾಗ ಅತಿಥಿಯಾಗುವುದು ಹೇಗೆ? ಈ ಊರು ನನಗೆ ಕೊಟ್ಟದ್ದು ಬಹಳ. ಶಿಸ್ತು, ಸಮಯ, ಲಂಚವಿಲ್ಲದ ಕಚೇರಿ. ಈ ಊರಿನ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ, ಇಷ್ಟು ಅಚ್ಚುಕಟ್ಟಾದ ನಾಡಿಗೆ ನೇಣು ಬೇಕಾಗಿಲ್ಲ. ಸೇತುವೆಯಾಚೆಯ ಮಲೇಷ್ಯಾ 2023ರಲ್ಲಿ ಕಡ್ಡಾಯ ಮರಣದಂಡನೆಯನ್ನು ಕೈಬಿಟ್ಟಿತು.

ಊರಿನವರಿಗೂ ಒಂದು ಮಾತು. 2015ರಲ್ಲಿ ಭಾರತದ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧ ಹೂಡುವ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಗಲ್ಲನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು. ಅದು ಹಾಗೇ ಕೂತಿದೆ. ಮುಂದಿನ ಸಲ ಘೋರ ಅಪರಾಧವೊಂದು ನಡೆದು, ಬೆಳಗಾವಿಯ ಹಿಂಡಲಗಾ ಜೈಲಿನ ಗಲ್ಲುಗಂಬದ ಚಿತ್ರ ಪತ್ರಿಕೆಯಲ್ಲಿ ಬಂದಾಗ, "ನೇಣಿಗೆ ಹಾಕಿ" ಎಂದು ಕೂಗುವ ಮೊದಲು ನಿಮಗೆ ಬೇಕಾದದ್ದು ಯಾವುದೆಂದು ಹೇಳಿ. ಭಯ ಬೇಕೆಂದರೆ ಭಯ ಎನ್ನಿ, ಬಲಿಯ ಪ್ರಶ್ನೆಗೆ ಉತ್ತರ ಕೊಡಿ. ಸೇಡು ಬೇಕೆಂದರೆ ಸೇಡು ಎನ್ನಿ, ಅದನ್ನು ಸರ್ಕಾರದ ಕೈಯಲ್ಲಿ ಏಕೆ ಮಾಡಿಸುತ್ತೀರಿ ಎಂದು ಹೇಳಿ. ಎರಡರ ಜೊತೆಯೂ ವಾದ ಮಾಡಬಹುದು. ಆದರೆ ಕರ್ತವ್ಯ ಎನ್ನಬೇಡಿ. ಅಳತೆ ಸರಿಯಿಲ್ಲ, ತಿಳಿವು ಪೂರ್ತಿಯಿಲ್ಲ, ಜೀವಕ್ಕೆ ಬೆಲೆ ಕಟ್ಟಲಾಗಿದೆ, ಸಹಿ ಹಾಕಿದವರಲ್ಲಿ ಒಬ್ಬರೂ ನಾನು ಮಾಡಿದೆ ಎನ್ನುತ್ತಿಲ್ಲ. ಇಂಥ ವೌಚರನ್ನು ನಾನು ನೂರು ರೂಪಾಯಿಯ ಖರ್ಚಿಗೂ ಪಾಸು ಮಾಡುವುದಿಲ್ಲ.